ಸ್ಟೂಲಿನಿಂದ ಮಂಚಕ್ಕೆ

ಆಸ್ಪತ್ರೆಯಲ್ಲಿ ಪ್ರತಿಯೊಂದು ಮಂಚದ ಪಕ್ಕದಲ್ಲಿಯೂ ಒಂದು ಸ್ಟೂಲು ಇರುತ್ತದೆ. ಕಬ್ಬಿಣದ್ದು, ಬಣ್ಣ ಹೋದದ್ದು, ಒಂದು ಕಾಲು ತುಸು ಗಿಡ್ಡ. ಮನೆಯಲ್ಲಿ ಯಾರಿಗೆ ಕಾಯಿಲೆಯಾಗಲಿ, ಮಂಚದ ಮೇಲೆ ಮಲಗುವವರು ಬದಲಾಗುತ್ತಾರೆಯೇ ಹೊರತು ಸ್ಟೂಲಿನ ಮೇಲೆ ಕೂರುವವರು ಬದಲಾಗುವುದಿಲ್ಲ. ಪ್ರತಿ ಸಂಸಾರದಲ್ಲಿಯೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಸಂಸಾರದಲ್ಲಿ ಆ ಪದವಿ ನನ್ನದು. ಮಾವನವರ ಕಣ್ಣಿನ ಆಪರೇಷನ್ನು, ನಾದಿನಿಯ ಹೆರಿಗೆ, ನಮ್ಮವರ ಪಿತ್ತಕೋಶದ ಕಲ್ಲು, ಪಕ್ಕದ ಮನೆಯ ಹುಡುಗನ ಅಪೆಂಡಿಸೈಟಿಸ್, ಎಲ್ಲದಕ್ಕೂ ಫ್ಲಾಸ್ಕು, ಟವಲು, ಒಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ನಾನೇ ಹೊರಡಬೇಕು. ಸಾಯನ್ನಿನಿಂದ ಪರೇಲಿನವರೆಗೆ ನಾನು ಕೂರದ ಸ್ಟೂಲು ಇರಲಾರದು. ನನ್ನ ಎರಡು ಹೆರಿಗೆಗಳನ್ನು ಬಿಟ್ಟರೆ ಮಂಚದ ಮೇಲೆ ಮಾತ್ರ ನಾನು ಮಲಗಿದವಳಲ್ಲ.

ಕೂತು ಕೂತು ನನಗೆ ಒಂದು ಬಗೆಯ ಗರ್ವವೂ ಬಂದಿತ್ತೆಂದು ಈಗ ಅನ್ನಿಸುತ್ತದೆ. ಒಂದು ನೋವೂ ಇತ್ತು. 2009ರಲ್ಲಿ ನಮ್ಮ ಅತ್ತೆಯವರು ಸೊಂಟದ ಮೂಳೆ ಮುರಿದುಕೊಂಡು ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದರು. ಶಾಲೆಗೆ ರಜೆ ಹಾಕಿ ಪಕ್ಕದಲ್ಲಿ ಕೂತವಳು ನಾನು. ಚಮಚ ಬಾಯ ಹತ್ತಿರ ತಂದರೆ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು. “ನನಗೇನೂ ಬೇಡಮ್ಮ. ನೀನು ಮನೆಗೆ ಹೋಗು.” ಇಪ್ಪತ್ತೆರಡು ದಿನವೂ ಇದೇ ಮಾತು. ಇಪ್ಪತ್ತೇಳು ವರ್ಷ ಸೊಸೆಯಾಗಿದ್ದವಳ ಕೈಯ ತುತ್ತು ಇವರಿಗೆ ಬೇಡವಾಯಿತೆ ಎಂದು ಮನಸ್ಸು ಮುರಿದಿತ್ತು. ಮರುವರ್ಷ ಅವರು ತೀರಿಕೊಂಡರು. ಆ ಮಾತು ನನ್ನೊಳಗೆ ಹಾಗೆಯೇ ಉಳಿಯಿತು.

ಇಷ್ಟು ಪೀಠಿಕೆ ಯಾಕೆಂದರೆ, ಕಳೆದ ಸಂಚಿಕೆಯಲ್ಲಿ ನಾನು ಟಾಂಜಾನಿಯಾದ ಶಾಲೆಯ ವಿಷಯ ಬರೆದದ್ದನ್ನು ಓದಿ ಇಬ್ಬರು ಮೂವರು ವಾಚಕರು “ಅಲ್ಲಿ ನಿಮಗೆ ಕಾಯಿಲೆ ಕಸಾಲೆ ಏನೂ ಆಗಲಿಲ್ಲವೆ?” ಎಂದು ಕೇಳಿದ್ದಾರೆ. ಆಗದೆ ಏನು? ಆಯಿತು. ನಾಚಿಕೆಯ ಸಂಗತಿಯಾದ್ದರಿಂದ ಬರೆದಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 2015ರಲ್ಲಿ ಮುಂಬಯಿಯ ಶಾಲೆಯಿಂದ ನಿವೃತ್ತಳಾದ ಮೇಲೆ, ಸಂಬಳವಿಲ್ಲದೆ ಊಟ ವಸತಿಗಳ ಮೇಲೆ ಕೆಲಸ ಮಾಡುವ ಸ್ವಯಂಸೇವಕಿಯಾಗಿ 2016ರ ಸೆಪ್ಟೆಂಬರಿನಲ್ಲಿ ನಾನು ಟಾಂಜಾನಿಯಾಕ್ಕೆ ಹೋದೆ. ವಿಕ್ಟೋರಿಯಾ ಸರೋವರದ ದಡದಲ್ಲಿ, ಮ್ವಾಂಝಾ ಪಟ್ಟಣದಿಂದ ಒಂದೂವರೆ ಗಂಟೆಯ ದಾರಿಯ ಊರು. ಸರೋವರವೆಂದರೆ ನಮ್ಮ ಕೆರೆಯ ಲೆಕ್ಕ ಹಿಡಿಯಬೇಡಿ. ಹೆಚ್ಚು ಕಡಿಮೆ ಕರ್ನಾಟಕದ ಮೂರರಲ್ಲೊಂದು ಪಾಲಿನಷ್ಟು ದೊಡ್ಡದು. ದಡದ ಗುಡ್ಡಗಳ ಮೇಲೆ ಬಂಡೆಯ ಮೇಲೆ ಬಂಡೆ ಕೂತಿರುವುದನ್ನು ನೋಡಿದರೆ ಹಂಪೆಯೇ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಎಲ್ಲವನ್ನೂ ಸ್ವಾಹಿಲಿಯಲ್ಲಿ ಕಲಿತು, ಪ್ರೌಢಶಾಲೆಗೆ ಬಂದೊಡನೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯಬೇಕು. ಆ ಸಂಕಟದಲ್ಲಿರುವ ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಊರಿನವರು “ಮ್ವಾಲಿಮು” ಎಂದು ಕರೆಯುತ್ತಿದ್ದರು. ಹಾಗೆಂದರೆ ಉಪಾಧ್ಯಾಯರು. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರನ್ನೂ ಜನ ಹಾಗೆಯೇ ಕರೆಯುತ್ತಿದ್ದರು. ನನಗೆ ಗರ್ವ ಬಾರದೆ ಇನ್ನೇನು!

ಹೊರಡುವಾಗ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಮಲೇರಿಯಾ ಬಾರದಂತೆ ತಡೆಯುವ ಮಾತ್ರೆ. ಏಳು ತಿಂಗಳು ತಪ್ಪದೆ ನುಂಗಿದೆ. ಆಮೇಲೆ ಬಿಟ್ಟೆ. ಜೊತೆಯ ಉಪಾಧ್ಯಾಯರಲ್ಲಿ ಒಬ್ಬರೂ ನುಂಗುವುದಿಲ್ಲ, ನಾನೊಬ್ಬಳೇ ಯಾಕೆ ಎಂಬ ತರ್ಕ. ಗಣಿತದ ಮೇಷ್ಟ್ರ ತರ್ಕ ಹೀಗಿದ್ದರೆ ಮಕ್ಕಳ ಗತಿಯೇನು ಹೇಳಿ. ಅಲ್ಲಿಯವರು ಹುಟ್ಟಿದಂದಿನಿಂದ ಮತ್ತೆ ಮತ್ತೆ ಮಲೇರಿಯಾ ಬಂದು, ಬದುಕುಳಿದು, ದೊಡ್ಡವರಾಗುವ ಹೊತ್ತಿಗೆ ಅವರ ಮೈ ಅದನ್ನು ಸ್ವಲ್ಪಮಟ್ಟಿಗೆ ತಡೆಯಲು ಕಲಿತಿರುತ್ತದೆ. ಐದು ವರ್ಷದೊಳಗಿನ ಮಕ್ಕಳ ಮೈಗೆ ಆ ವಿದ್ಯೆ ಬಂದಿರುವುದಿಲ್ಲ. ಆದ್ದರಿಂದಲೇ ಸಾಯುವವರಲ್ಲಿ ಹೆಚ್ಚಿನವರು ಆ ಮಕ್ಕಳು. ಹೊರಗಿನಿಂದ ಬಂದವರಿಗೂ ಆ ವಿದ್ಯೆ ಇರುವುದಿಲ್ಲ. ಶಾಲೆಯ ಲೆಕ್ಕದಲ್ಲಿ ನಾನು ಹಿರಿಯ ಮ್ವಾಲಿಮು. ಮಲೇರಿಯಾದ ಲೆಕ್ಕದಲ್ಲಿ ಎತ್ತಿಕೊಳ್ಳುವ ಕೂಸು.

2017ರ ಮೇ ತಿಂಗಳು. ದೊಡ್ಡ ಮಳೆ ಹಿಂದೆಗೆದಿತ್ತು. ಒಂದು ಸಂಜೆ ಮೈಕೈ ನೋವು. ರಾತ್ರಿ ಹಲ್ಲು ಕಟಕಟನೆ ಕಡಿಯುವ ಚಳಿ. ಎರಡು ಜ್ವರದ ಮಾತ್ರೆ ನುಂಗಿ ಬೆಳಿಗ್ಗೆ ಶಾಲೆಗೆ ಹೋದೆ. ಮರುದಿನವೂ ಹೋದೆ. ಮನೆಯಿಂದ ನಮ್ಮವರ ಫೋನು ಬಂದಾಗ “ಇಲ್ಲಿ ಮಳೆ, ಮಾತು ಸರಿಯಾಗಿ ಕೇಳಿಸುವುದಿಲ್ಲ” ಎಂದು ಇಟ್ಟುಬಿಟ್ಟೆ. ಕಾಯಿಲೆಯೆಂದು ತಿಳಿದರೆ ವಾಪಸು ಕಳಿಸಿಬಿಟ್ಟಾರೆಂಬ ಭಯ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು: ಸಹಾಯಕ್ಕೆಂದು ಬಂದವಳು ಇವರ ಆಸ್ಪತ್ರೆಯ ಮಂಚ ಹಿಡಿಯುವುದೆ? ಇರುವ ಮಂಚಗಳೇ ಅವರಿಗೆ ಸಾಲದು.

ಮೂರನೆಯ ದಿನ ಕರಿಹಲಗೆಯ ಮೇಲೆ ಬರೆದ ಲೆಕ್ಕ ಎರಡೆರಡಾಗಿ ಕಾಣಿಸಿತು. ಮುಂದಿನದು ನನಗೆ ಚೂರುಚೂರಾಗಿ ನೆನಪು. ಜೊತೆಯ ಉಪಾಧ್ಯಾಯಿನಿಯೊಬ್ಬಳು ಬಾಡಿಗೆಯ ಮೋಟಾರುಬೈಕಿನ ಮೇಲೆ ನನ್ನನ್ನು ಮಧ್ಯದಲ್ಲಿ ಕೂರಿಸಿ, ತಾನು ಹಿಂದೆ ಕೂತು, ಬೀಳದಂತೆ ತಬ್ಬಿಕೊಂಡು ಸರ್ಕಾರಿ ಆಸ್ಪತ್ರೆಗೆ ಸೇರಿಸಿದಳು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಹಾಕಿದರು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಎರಡು ಗೆರೆ ಮೂಡಿದವು.

“ಮಾತ್ರೆ ಕೊಡಿ ಡಾಕ್ಟರೆ, ಮನೆಗೆ ಹೋಗಿ ನುಂಗುತ್ತೇನೆ” ಎಂದೆ.

ಡಾಕ್ಟರು ನಮ್ಮ ಮಗನ ವಯಸ್ಸಿನವರು. ಮಾತ್ರೆ ಕೊಟ್ಟರು. ನುಂಗಿದ ಐದು ನಿಮಿಷಕ್ಕೆ ವಾಂತಿಯಾಯಿತು. ಇನ್ನೊಮ್ಮೆ ಕೊಟ್ಟರು; ಅದೂ ನಿಲ್ಲಲಿಲ್ಲ.

“ಮ್ವಾಲಿಮು, ಮನೆಯಲ್ಲಿ ಮಾತ್ರೆ ನುಂಗುವುದು ನೀವು. ಹೊರಕ್ಕೆ ಹಾಕುವುದೂ ನೀವೇ. ನಡುವೆ ನಾನೇನು ಮಾಡಲಿ?” ಎಂದು ನಕ್ಕು ಹೆಂಗಸರ ವಾರ್ಡಿಗೆ ಚೀಟಿ ಬರೆದರು.

ಉದ್ದನೆಯ ವಾರ್ಡು. ಪ್ರತಿ ಮಂಚದ ಮೇಲೂ ನೀಲಿ ಸೊಳ್ಳೆಪರದೆ ಗಂಟು ಹಾಕಿ ತೂಗುತ್ತಿತ್ತು. ಕೈಗೆ ಸೂಜಿ ಹಾಕಿ ಮೊದಲನೆಯ ಇಂಜಕ್ಷನ್ನು ಕೊಟ್ಟರು. ಹನ್ನೆರಡು ಗಂಟೆಯ ಮೇಲೆ ಎರಡನೆಯದು, ಇಪ್ಪತ್ತನಾಲ್ಕು ಗಂಟೆಗೆ ಮೂರನೆಯದು. ಅದರ ಹೆಸರು ಆರ್ಟಿಸುನೇಟ್. ನಮ್ಮ ಹಿರಿಯರಿಗೆ ಚಳಿಜ್ವರವೆಂದರೆ ಕ್ವಿನೈನು. ಕಹಿ ಕಹಿ ಕ್ವಿನೈನನ್ನು ಬೆಲ್ಲದೊಳಗಿಟ್ಟು ನುಂಗಿಸುತ್ತಿದ್ದ ಕತೆಯನ್ನು ಮಲೆನಾಡಿನವರು ಈಗಲೂ ಹೇಳುತ್ತಾರೆ. ಈ ಹೊಸ ಔಷಧಿ ಚೀನದ ಒಂದು ಗಿಡದಿಂದ ಬಂದದ್ದು. ತೂ ಯೂಯೂ ಎಂಬ ಹೆಣ್ಣುಮಗಳು, ಸಾವಿರದ ಆರುನೂರು ವರ್ಷಗಳ ಹಿಂದಿನ ವೈದ್ಯಗ್ರಂಥವೊಂದರಲ್ಲಿ ಆ ಸೊಪ್ಪನ್ನು ನೀರಿನಲ್ಲಿ ನೆನೆಹಾಕಬೇಕೆಂದು ಇದ್ದದ್ದನ್ನು ಗಮನಿಸಿ, ಕಾಯಿಸಿದರೆ ಸತ್ವ ಹೋಗುತ್ತದೆಂದು ಊಹಿಸಿ, ಅದರ ಸಾರ ತೆಗೆದರು. 2015ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂತು. ಆಫ್ರಿಕದ 9 ದೇಶಗಳಲ್ಲಿ ಕಠಿಣ ಮಲೇರಿಯಾದ 5,425 ಮಕ್ಕಳಿಗೆ ಚಿಕಿತ್ಸೆ ಕೊಟ್ಟು ನೋಡಿದ ಪರೀಕ್ಷೆಯೊಂದು 2010ರಲ್ಲಿ ಪ್ರಕಟವಾಯಿತು. ಕ್ವಿನೈನು ಪಡೆದವರಲ್ಲಿ ನೂರಕ್ಕೆ 10.9 ಮಕ್ಕಳು ತೀರಿಕೊಂಡರೆ, ಆರ್ಟಿಸುನೇಟ್ ಪಡೆದವರಲ್ಲಿ 8.5. ಕಾಗದದ ಮೇಲೆ ಸಣ್ಣ ಅಂತರ. ಮಗುವಿನ ತಾಯಿಗೆ ಅದೇ ಪ್ರಪಂಚ.

ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆಗ ನನಗಿದ್ದ ಚಿಂತೆ ಒಂದೇ: ಎದ್ದು ಹೋಗುವುದು ಯಾವಾಗ?

ಅಲ್ಲಿಯ ಆಸ್ಪತ್ರೆಯ ಒಂದು ಪದ್ಧತಿಯನ್ನು ಹೇಳಬೇಕು. ರೋಗಿಯ ಊಟ ಮನೆಯಿಂದಲೇ ಬರಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಾಗಿಲು ತೆರೆಯುತ್ತಾರೆ. ತೆರೆದೊಡನೆ ಬಣ್ಣಬಣ್ಣದ ಬಟ್ಟೆ ಸುತ್ತಿದ ಹೆಂಗಸರು ಫ್ಲಾಸ್ಕು, ಮುಚ್ಚಿದ ಪಾತ್ರೆ, ಬಕೀಟು ಹಿಡಿದು ಒಳಕ್ಕೆ ನುಗ್ಗುತ್ತಾರೆ. ಎರಡನೆಯ ಬೆಳಿಗ್ಗೆ ಹಾಗೆ ಬಾಗಿಲು ತೆರೆಯಿತು. ಎಲ್ಲ ಮಂಚಗಳ ಸುತ್ತಲೂ ಜನ. ನನ್ನ ಮಂಚದ ಪಕ್ಕದಲ್ಲಿಯೂ ಒಂದು ಸ್ಟೂಲಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ವಾಚಕರೇ, ಆ ಖಾಲಿ ಸ್ಟೂಲನ್ನು ನೋಡಿದಾಗ ಆದದ್ದನ್ನು ಹೇಗೆ ಹೇಳಲಿ? ಮೂವತ್ತು ವರ್ಷ ಅದರ ಮೇಲೆ ಕೂತವಳು ನಾನು. ಮಂಚದ ಮೇಲಿನಿಂದ ಅದು ಹೇಗೆ ಕಾಣುತ್ತದೆಂದು ಒಂದು ದಿನವೂ ಯೋಚಿಸಿದವಳಲ್ಲ. ನನ್ನ ಕಡೆ ಯಾರೂ ಕನಿಕರದಿಂದ ನೋಡದಿರಲೆಂದು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಸ್ಟೂಲು ಕಿರ್ರೆಂದಿತು. ಕಣ್ಣು ಬಿಟ್ಟರೆ ಒಬ್ಬ ಮುದುಕಿ. ಪಕ್ಕದ ಮಂಚದಲ್ಲಿ ಅವಳ ಮಗಳು, ಇಪ್ಪತ್ತರ ಹುಡುಗಿ, ಚೊಚ್ಚಲ ಬಸುರಿ. ಅವಳಿಗೂ ಮಲೇರಿಯಾ. ಹುಟ್ಟಿದಂದಿನಿಂದ ಗಳಿಸಿದ ತಡೆಯುವ ಶಕ್ತಿಯೂ ಬಸುರಿನಲ್ಲಿ, ಅದರಲ್ಲೂ ಚೊಚ್ಚಲಿನಲ್ಲಿ, ಕುಗ್ಗುತ್ತದಂತೆ. ರಾತ್ರಿಯೆಲ್ಲ ಆ ತಾಯಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದದ್ದನ್ನು ನಾನು ನೋಡಿದ್ದೆ.

“ಪೋಲೆ” ಎಂದಳು. ಈ ಮಾತಿಗೆ ಕನ್ನಡದಲ್ಲಿ ಸರಿಯಾದ ಪದವಿಲ್ಲ. ಎಡವಿದರೆ ಪೋಲೆ, ಹೊರೆ ಹೊತ್ತು ಬಂದವರನ್ನು ಕಂಡರೆ ಪೋಲೆ, ಸಾವಿನ ಮನೆಯಲ್ಲಿಯೂ ಪೋಲೆ. ‘ಪಾಪ, ನಿನಗೆ ಹೀಗಾಯಿತಲ್ಲ’ ಎಂದು ಅದರ ಭಾವ. ಲೋಟಕ್ಕೆ ಏನನ್ನೋ ಬಗ್ಗಿಸಿ ನನ್ನ ಮುಂದೆ ಹಿಡಿದಳು.

“ಬೇಡ, ಬೇಡ” ಎಂದೆ. ಮಗಳಿಗೆಂದು ತಂದದ್ದು. ಎಷ್ಟು ದೂರದಿಂದ ತಂದಿದ್ದಾಳೋ, ಮನೆಯಲ್ಲಿ ಎಷ್ಟಿದೆಯೋ! ಆಕೆ ಲೋಟವನ್ನು ಇನ್ನೂ ಹತ್ತಿರ ತಂದಳು. ನಾನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದೆ.

ತಿರುಗಿಸಿದ ಮೇಲೆ ಥಟ್ಟನೆ ನನ್ನ ಅತ್ತೆಯವರು ಕಂಡರು.

ಅದೇ ಗೋಡೆ, ಅದೇ ‘ಬೇಡ’. ನನ್ನ ‘ಬೇಡ’ದಲ್ಲಿ ಆ ಮುದುಕಿಯ ಮೇಲೆ ಕೋಪವೂ ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಇದ್ದದ್ದು ನಾಚಿಕೆ. ಜನ್ಮವೆಲ್ಲ ಬಡಿಸಿದ ಕೈಗೆ ಈಗ ಲೋಟ ಹಿಡಿಯುವ ಶಕ್ತಿಯೂ ಇಲ್ಲವಲ್ಲ ಎಂಬ ನಾಚಿಕೆ. ನನ್ನಿಂದ ಇವರಿಗೆ ತೊಂದರೆಯಾಯಿತಲ್ಲ ಎಂಬ ಸಂಕಟ. ಹನ್ನೊಂದು ಮಕ್ಕಳಿಗೆ ಬಾಣಂತನ ಮಾಡಿಸಿದ, ಮಳೆಗಾಲದಲ್ಲಿ ಇಪ್ಪತ್ತು ಎಲೆ ಬಡಿಸಿ ಕಡೆಗೆ ತಾವು ಉಣ್ಣುತ್ತಿದ್ದ ನನ್ನ ಅತ್ತೆಯವರು ಸೊಂಟ ಮುರಿದು ಮಲಗಿದಾಗ ‘ನೀನು ಮನೆಗೆ ಹೋಗು’ ಎಂದದ್ದು ನನ್ನ ತುತ್ತು ಬೇಡವೆಂದಲ್ಲ. ಇದು ತಿಳಿಯುವುದಕ್ಕೆ ನಾನು ಸಮುದ್ರ ದಾಟಿ, ಸೊಳ್ಳೆ ಕಚ್ಚಿಸಿಕೊಂಡು, ಆ ಮಂಚದ ಮೇಲೆ ಮಲಗಬೇಕಾಯಿತು.

ದಾದಿ ಬಂದು ಗದರಿದಳು. “ಮ್ವಾಲಿಮು, ಬೀಬಿ ಕೊಟ್ಟದ್ದನ್ನು ಒಲ್ಲೆ ಎನ್ನುತ್ತೀರಾ? ನೀವು ನಮ್ಮವರಲ್ಲವೆ?” ಬೀಬಿ ಎಂದರೆ ಅಲ್ಲಿ ಅಜ್ಜಿ.

ತಿರುಗಿ ಲೋಟಕ್ಕೆ ಬಾಯಿಟ್ಟೆ. ಬೆಚ್ಚಗಿನ ಗಂಜಿ. ಎರಡು ಗುಟುಕು ಇಳಿಯುವಷ್ಟರಲ್ಲಿ ನಾಲಗೆಗೆ ಗುರುತು ಸಿಕ್ಕಿಬಿಟ್ಟಿತು. ರಾಗಿ! ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಜ್ವರ ಬಂದರೆ ಅಜ್ಜಿ ಕೊಡುತ್ತಿದ್ದ ಅದೇ ಗಂಜಿ. ಸ್ವಾಹಿಲಿಯಲ್ಲಿ ರಾಗಿಗೆ ಉಲೇಝಿ ಎನ್ನುತ್ತಾರೆ, ಗಂಜಿಗೆ ಉಜಿ. ರಾಗಿ ನಮ್ಮದೆಂದು ನಾವು ಹೇಳಿಕೊಳ್ಳುತ್ತೇವೆ. ಅದರ ತವರು ಮೂಡಣ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ನಮ್ಮ ಹೊಲಕ್ಕೆ ಬಂದದ್ದು. ನಾನು ಇವರಿಗೆ ಕೊಡಲು ಬಂದೆನೆಂದು ಬೀಗುತ್ತಿದ್ದೆ. ಇವರ ನೆಲದ ಧಾನ್ಯ ತಿಂದೇ ನಮ್ಮ ವಂಶ ಬೆಳೆದಿತ್ತು.

ಕಣ್ಣಲ್ಲಿ ನೀರು ಬಂತು. ನೋವೆಂದು ತಿಳಿದು ಆಕೆ ಮತ್ತೆ “ಪೋಲೆ, ಪೋಲೆ” ಎಂದು ಬೆನ್ನು ಸವರಿದಳು.

ಮಧ್ಯಾಹ್ನ ನಮ್ಮ ಸಂಸ್ಥೆಯವರ ಫೋನು ಬಂತು: ಕಾರು ಕಳಿಸುತ್ತೇವೆ, ಪಟ್ಟಣದ ಖಾಸಗಿ ಆಸ್ಪತ್ರೆಗೆ ಬನ್ನಿ, ವಿಮೆಯಿದೆ. ಡಾಕ್ಟರನ್ನು ಕೇಳಿದೆ. “ಅಲ್ಲಿಯೂ ಇದೇ ಇಂಜಕ್ಷನ್ನು. ಜ್ವರ ಇಳಿಯುತ್ತಿದೆ. ಹೋಗುವುದಾದರೆ ಹೋಗಿ, ಇಲ್ಲಿಯೇ ಇದ್ದರೂ ಭಯವಿಲ್ಲ” ಎಂದರು. ಪಕ್ಕದ ಹುಡುಗಿಗೆ ಕಾರೂ ಇಲ್ಲ, ವಿಮೆಯೂ ಇಲ್ಲ. ಇದ್ದದ್ದು ನನಗೊಬ್ಬಳಿಗೆ. ಈ ಲೆಕ್ಕ ಎಷ್ಟು ಸಲ ಮಾಡಿದರೂ ಸರಿಹೋಗಲಿಲ್ಲ. ಅಲ್ಲಿಯೇ ಉಳಿದೆ. ಅದು ತ್ಯಾಗವೆಂದು ಯಾರೂ ತಿಳಿಯಬೇಡಿ. ಸಂಜೆಯ ಉಜಿಯ ಮೇಲೆ ನನಗೆ ಕಣ್ಣಿತ್ತು.

ಮೂರನೆಯ ಬೆಳಿಗ್ಗೆ ಜ್ವರ ಬಿಟ್ಟಿತು. ಮಾತ್ರೆ ಹೊಟ್ಟೆಯಲ್ಲಿ ನಿಂತಿತು. ನಾಲ್ಕು ಮಾತ್ರೆಯಂತೆ ದಿನಕ್ಕೆರಡು ಹೊತ್ತು, ಮೂರು ದಿನ, ಒಟ್ಟು 24. ಜಿಡ್ಡಿನ ಆಹಾರದ ಜೊತೆಗೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆಂದು ಬೀಬಿ ಗಂಜಿಗೆ ನೆಲಗಡಲೆ ಅರೆದು ಹಾಕಿದ್ದಳು. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರೆ ‘ಮೇಡ್ ಇನ್ ಇಂಡಿಯಾ’. ನನಗಿಂತ ಮೊದಲೇ ಬಂದು, ನನಗಿಂತ ಹೆಚ್ಚು ಉಪಕಾರ ಮಾಡುತ್ತಿದ್ದ ಸ್ವದೇಶೀಯರು!

ಹೊರಡುವಾಗ ಆ ಹುಡುಗಿ ಎದ್ದು ಕೂತಿದ್ದಳು. ಅವಳ ಜ್ವರವೂ ಇಳಿದಿತ್ತು. ಅವಳಿಗೆ ಹೇಳಲು ಒಂದು ಮಾತು ಕಲಿತಿದ್ದೆ: “ಉಗುವಾ ಪೋಲೆ.” ಕಾಯಿಲೆ ಬಿದ್ದವರಿಗೆ ಹೇಳುವ ಹರಕೆಯ ಮಾತು, ಅಕ್ಷರಶಃ ಅರ್ಥ ‘ಮೆಲ್ಲಗೆ ಕಾಯಿಲೆ ಬೀಳು’ ಎಂದು. ಕಾಯಿಲೆಯನ್ನೇ ಬೇಡವೆಂದು ತಳ್ಳದೆ, ಬಂದದ್ದನ್ನು ಮೆಲ್ಲಗೆ ಅನುಭವಿಸು ಎಂಬ ವಿವೇಕ. ಆ ಭಾಷೆಯಲ್ಲಿ ‘ಉಗುವಾ’ ಎಂದರೆ ಕಾಯಿಲೆ ಬೀಳು. ಅದರಿಂದಲೇ ಹುಟ್ಟಿದ ‘ಉಗುಝಾ’ ಎಂದರೆ ರೋಗಿಯ ಆರೈಕೆ ಮಾಡು. ಮಂಚ, ಸ್ಟೂಲು ಎರಡಕ್ಕೂ ಧಾತು ಒಂದೇ.

ಮನೆಗೆ ಬಂದು ನಮ್ಮವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಪ್ರಶ್ನೆ: “ಅಲ್ಲ ಕಣೇ, ನಿನ್ನ ಪಕ್ಕದ ಸ್ಟೂಲಿನ ಮೇಲೆ ಯಾರು ಕೂತಿದ್ದರು?”

“ಒಬ್ಬ ಅಜ್ಜಿ” ಎಂದೆ. “ನೀವು ಬಂದಿದ್ದರೂ ಅಷ್ಟು ಚೆನ್ನಾಗಿ ಗಂಜಿ ಮಾಡುತ್ತಿರಲಿಲ್ಲ ಬಿಡಿ.”

2018ರಲ್ಲಿ ಊರಿಗೆ ಮರಳಿದೆ. ಬಿಟ್ಟಿದ್ದ ಮಾತ್ರೆಯನ್ನು ಉಳಿದ ದಿನಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಆ ಕಡೆಗೆ ಹೋಗುವ ನಮ್ಮ ಹುಡುಗರು ಹುಡುಗಿಯರು ಇದನ್ನು ನೆನಪಿಡಬೇಕು. ಜ್ವರ ಬಂದ ದಿನವೇ ರಕ್ತ ತೋರಿಸಬೇಕು. ಮಲೇರಿಯಾದ ಕ್ರಿಮಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರ ಆಗಸ್ಟ್ 20ರಂದು, ನಮ್ಮ ಸಿಕಂದರಾಬಾದಿನಲ್ಲಿ. ಅದಾಗಿ ನೂರಿಪ್ಪತ್ತೈದು ವರ್ಷ ಕಳೆದ ಮೇಲೂ, 2023ರಲ್ಲಿ ಸುಮಾರು 5 ಲಕ್ಷ 97 ಸಾವಿರ ಜನ ಮಲೇರಿಯಾದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ವರ್ಷ ಆ ಸಂಸ್ಥೆ ಒಪ್ಪಿದ ಎರಡನೆಯ ಮಲೇರಿಯಾ ಲಸಿಕೆ ತಯಾರಾಗುತ್ತಿರುವುದು ಪುಣೆಯಲ್ಲಿ. ಬೀಬಿಯ ಮೊಮ್ಮಗುವಿಗೆ ಈಗ ಏಳೆಂಟು ವರ್ಷ ಆಗಿರಬೇಕು. ಅದರ ಬೆನ್ನ ಹಿಂದೆ ಹುಟ್ಟುವವರಿಗಾದರೂ ಆ ಲಸಿಕೆ ತಲುಪಲಿ.

ಕಳೆದ ವರ್ಷ ನನ್ನ ಕಣ್ಣಿನ ಪೊರೆ ತೆಗೆಸಿದರು. ಅರ್ಧ ದಿನದ ಆಸ್ಪತ್ರೆ. ಸ್ಟೂಲಿನ ಮೇಲೆ ನಮ್ಮವರು. ಎಪ್ಪತ್ತೆರಡರ ವಯಸ್ಸಿನಲ್ಲಿ, ಜನ್ಮದಲ್ಲಿ ಮೊದಲ ಸಲ, ತಾವೇ ಒಲೆಯ ಮುಂದೆ ನಿಂತು ರಾಗಿ ಗಂಜಿ ಮಾಡಿ ಫ್ಲಾಸ್ಕಿನಲ್ಲಿ ತಂದಿದ್ದರು. ‘ಬೇಡಿ, ನೀವು ಮನೆಗೆ ಹೋಗಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಗಂಜಿ ಗಂಟುಗಂಟಾಗಿತ್ತು. ಉಪ್ಪು ಮರೆತಿದ್ದರು. ಪೂರ್ತಿ ಕುಡಿದೆ.